ಕೆಂಪಾಗಬೇಕಿದ್ದ ನೀಲಿ ಗೆರೆ: ಶಿರಸಿ ಕಡೆಯ ಒಬ್ಬ ಸಂಶೋಧಕಿಯ ಪ್ರಕರಣ

ನಮ್ಮನೆ ನಡೆಯುವುದು ಅಡಿಕೆಯಿಂದ. ನಮ್ಮಕ್ಕ ಕೆಲಸ ಮಾಡುವುದು ಬಾಯಿ ಕ್ಯಾನ್ಸರ್ ಮೇಲೆ. ಈ ಎರಡು ಮಾತನ್ನು ಒಂದೇ ಕಡೆ ಬರೆಯಲು ನನಗೆ ಬಹಳ ವರ್ಷ ಬೇಕಾಯಿತು.

ಮನೆ ಇರುವುದು ಶಿರಸಿಯಿಂದ 16 ಕಿಲೋಮೀಟರ್ ಒಳಗೆ. ಎರಡೂವರೆ ಎಕರೆ ತೋಟ, ಅದರ ಮೇಲೊಂದು ಸೊಪ್ಪಿನ ಬೆಟ್ಟ. ತೋಟ ನೋಡಿಕೊಳ್ಳುವವನು ನಾನು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಈಗ ಬೆಂಗಳೂರಿನಲ್ಲಿ ಸಣ್ಣದೊಂದು ಲ್ಯಾಬ್ ನಡೆಸುತ್ತಾಳೆ. ವಿಷಯ ಕ್ಯಾನ್ಸರ್ ಎಪಿಜೆನೆಟಿಕ್ಸ್, ಅಂದರೆ ಡಿಎನ್‌ಎಯ ಅಕ್ಷರ ಬದಲಾಗದೆ ಅದರ ಮೇಲಿನ ಗುರುತು ಮಾತ್ರ ಬದಲಾದಾಗ ಏನಾಗುತ್ತದೆ ಅನ್ನುವ ಅಧ್ಯಯನ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಅವಳ ಇಡೀ ಕಥೆಯನ್ನೂ ಹೇಳುತ್ತಿಲ್ಲ. 2007ರಲ್ಲಿ ಅವಳ ಪಿಎಚ್‌ಡಿಯಲ್ಲಿ ಒಂದು ತಪ್ಪು ಸಿಕ್ಕಿತು. ಆಗ ಅವಳು ಏನು ಮಾಡಿದಳು, ಹನ್ನೆರಡು ವರ್ಷದ ನಂತರ ನಮ್ಮನೆ ಅಂಗಳದಲ್ಲಿ ಏನು ಹೇಳಿದಳು, ಇಷ್ಟನ್ನೇ ಬರೆಯುತ್ತೇನೆ.

ಅಜ್ಜನ ಬಾಯಿ

ಅಜ್ಜನಿಗೆ ಕವಳ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಎಲೆ, ಸುಣ್ಣ, ಅಡಿಕೆ, ಒಂದು ಚೂರು ತಂಬಾಕು. ಊಟ ಆದ ಮೇಲೆ, ಚಾ ಕುಡಿದ ಮೇಲೆ, ಯಾರಾದರೂ ಬಂದರೆ, ಯಾರೂ ಬರದಿದ್ದರೆ. ನಾನು ಐದನೇ ಕ್ಲಾಸಿನಲ್ಲಿದ್ದಾಗಲೇ ಅಜ್ಜನಿಗೆ ಖಾರ ತಿಂದರೆ ಬಾಯಿ ಉರಿ. ಆಮೇಲೆ ಬಾಯಿ ಪೂರ್ತಿ ತೆರೆಯುವುದೇ ನಿಂತಿತು. ಆಯಿ, ಅಂದರೆ ನಮ್ಮಮ್ಮ, ದೋಸೆಯನ್ನು ಬೆರಳಗಲ ಹರಿದು ಕೊಡುತ್ತಿದ್ದಳು. ಕೊನೆಕೊನೆಗೆ ಅದೂ ಹೋಗುತ್ತಿರಲಿಲ್ಲ, ಗಂಜಿ ಮಾತ್ರ. ವಯಸ್ಸಾಯಿತು, ದವಡೆ ಬಿಗಿದಿದೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡೆವು.

ಅದಕ್ಕೆ ಒಂದು ಹೆಸರಿದೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಇದನ್ನು ನೋಡಿ ಬರೆದರು. ಅಡಿಕೆಯಲ್ಲಿರುವ ಅರೆಕೊಲೀನ್ ಕೆನ್ನೆಯ ಒಳಚರ್ಮದ ಕೋಶಗಳನ್ನು ಕೆರಳಿಸುತ್ತದೆ, ಅವು ಕೊಲಾಜೆನ್ ಎಂಬ ನಾರನ್ನು ಜಾಸ್ತಿ ಮಾಡುತ್ತವೆ. ಅಡಿಕೆಯಲ್ಲಿ ತಾಮ್ರವೂ ಜಾಸ್ತಿ. ನಾರನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬೇಕಾಗಿರುವುದು ಆ ತಾಮ್ರವೇ. ಹೀಗೆ ಮೆತ್ತಗಿರಬೇಕಾದ ಕೆನ್ನೆ ಒಳಗಿಂದ ಹಗ್ಗದ ಹಾಗೆ ಬಿಗಿಯುತ್ತದೆ. ಕೆಲವರಲ್ಲಿ ಅದರ ಮೇಲೆ ಮುಂದೆ ಕ್ಯಾನ್ಸರ್ ಏಳುತ್ತದೆ.

ಅಜ್ಜನಿಗೆ ಎದ್ದಿತು. ಎಡಕೆನ್ನೆಯ ಹುಣ್ಣು ವಾಸಿಯಾಗದೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕುತ್ತಿಗೆಯಲ್ಲಿ ಗಡ್ಡೆ ಕೈಗೆ ಸಿಗುತ್ತಿತ್ತು. 1998ರ ಶ್ರಾವಣದಲ್ಲಿ ತೀರಿಕೊಂಡರು. ಅಕ್ಕ ಆಗ ಪಿಯುಸಿ ಎರಡನೇ ವರ್ಷ. ಹನ್ನೆರಡನೇ ದಿನದ ಊಟ ಮುಗಿದು ಎಲ್ಲರೂ ಹೋದ ಮೇಲೆ ಆಯಿ ಹತ್ತಿರ ಕೇಳಿದಳು: ಅಮ್ಮಮ್ಮನೂ ಅಷ್ಟೇ ಕವಳ ಹಾಕ್ತಾಳೆ, ಅವಳಿಗೆ ಯಾಕೆ ಬರಲಿಲ್ಲ? ಆಯಿ ಹಣೆಬರಹ ಅಂದಳು. ಅಕ್ಕನಿಗೆ ಆ ಉತ್ತರ ಸಾಕಾಗಲಿಲ್ಲ.

ಭಾಗವತರ ಪೆನ್ಸಿಲ್

ಶಿರಸಿಯಲ್ಲಿ ಬಿಎಸ್ಸಿ, ಧಾರವಾಡದಲ್ಲಿ ಎಂಎಸ್ಸಿ, ಆಮೇಲೆ ನೆಟ್ ಪರೀಕ್ಷೆ ಪಾಸಾಗಿ ಫೆಲೋಶಿಪ್. ಈ ವರ್ಷಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಓದಿದಳು. 2004ರಲ್ಲಿ ಬೆಂಗಳೂರಿಗೆ ಪಿಎಚ್‌ಡಿಗೆ ಹೋದಳು.

ಏನು ಕೆಲಸ ಅಂತ ನಾನು ಕೇಳಿದಾಗ ಅವಳು ಯಕ್ಷಗಾನದ ಲೆಕ್ಕದಲ್ಲಿ ವಿವರಿಸಿದಳು. ನನಗೆ ಇವತ್ತಿಗೂ ಅದೇ ಅರ್ಥವಾಗುವುದು. ನಮ್ಮ ಮೈಯ ಪ್ರತಿ ಕೋಶದಲ್ಲೂ ಒಂದೇ ಪ್ರಸಂಗದ ಪುಸ್ತಕ ಇದೆ, ಅದು ಡಿಎನ್‌ಎ. ಆದರೆ ಇಡೀ ಪುಸ್ತಕವನ್ನು ಯಾವ ಭಾಗವತರೂ ಒಂದು ರಾತ್ರಿಯಲ್ಲಿ ಹಾಡುವುದಿಲ್ಲ. ಇವತ್ತು ಬೇಡದ ಪದ್ಯದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ ಬಿಡುತ್ತಾರೆ. ಕೋಶ ಹಾಕುವ ಗುರುತು ಮಿಥೈಲ್, ಒಂದು ಕಾರ್ಬನ್ನಿಗೆ ಮೂರು ಹೈಡ್ರೋಜನ್ ಅಂಟಿದ ಪುಟ್ಟ ಚೂರು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸಿ ಎಂಬುದರ ಮೇಲೆ ಅದು ಕೂರುತ್ತದೆ, ಅದೂ ಮುಖ್ಯವಾಗಿ ಸಿ ಮುಂದೆ ಜಿ ಇದ್ದಲ್ಲಿ. ಲಿವರ್ ಕೋಶ ಲಿವರ್ ಆಗಿಯೇ ಇರುವುದಕ್ಕೆ, ಚರ್ಮ ಚರ್ಮವಾಗಿಯೇ ಇರುವುದಕ್ಕೆ ಇಂಥ ಗುರುತುಗಳೂ ಕಾರಣ. ಕೋಶ ಎರಡಾಗುವಾಗ ಪುಸ್ತಕದ ಜೊತೆ ಪೆನ್ಸಿಲ್ ಗುರುತನ್ನೂ ನಕಲು ಮಾಡುವ ಕಿಣ್ವ ಇದೆ.

ಕ್ಯಾನ್ಸರ್‌ನಲ್ಲಿ ಈ ಗುರುತು ಅಸ್ತವ್ಯಸ್ತ. 1983ರಲ್ಲಿ ಫೈನ್‌ಬರ್ಗ್ ಮತ್ತು ವೋಗೆಲ್‌ಸ್ಟೈನ್ ಕ್ಯಾನ್ಸರ್ ಗಡ್ಡೆಯ ಜೀನ್‌ಗಳಲ್ಲಿ ಮಿಥೈಲ್ ಕಡಿಮೆ ಇರುವುದನ್ನು ತೋರಿಸಿದರು. ಬೇಡದ ಕಡೆ ಜಾಸ್ತಿ ಇರುತ್ತದೆ ಎನ್ನುವುದು ಆಮೇಲೆ ತಿಳಿಯಿತು. ಪಿ16 ಎಂಬ ಜೀನ್ ಕೋಶ ಸುಮ್ನೆ ಹೆಚ್ಚುತ್ತಾ ಹೋಗದಂತೆ ತಡೆಯುತ್ತದೆ. 1995ರಲ್ಲಿ ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಅದರ ಆರಂಭದ ಭಾಗ ಮಿಥೈಲ್‌ನಿಂದ ಮುಚ್ಚಿಹೋಗಿರುವುದು ಕಂಡಿತು. ಪುಟ ಹರಿದಿಲ್ಲ, ಪದ್ಯ ಹಾಗೇ ಇದೆ, ಆದರೆ ಹಾಡುವವರಿಲ್ಲ.

ಅಕ್ಕನನ್ನು ಹಿಡಿದದ್ದು ಇದೇ. ಹರಿದ ಪುಟವನ್ನು ಕೂಡಿಸುವುದು ಕಷ್ಟ, ಪೆನ್ಸಿಲ್ ಗುರುತನ್ನು ಅಳಿಸಬಹುದು ಅಲ್ವಾ? 1964ರಲ್ಲಿ ಪ್ರಾಗ್‌ನಲ್ಲಿ ತಯಾರಿಸಿದ ಅಝಾಸೈಟಿಡಿನ್ ಎಂಬ ಔಷಧಿ ಇತ್ತು. ಅದನ್ನು ಹಾಕಿದ ಇಲಿಯ ಕೋಶಗಳಲ್ಲಿ ಮಿಥೈಲ್ ಗುರುತು ಹೋಗುತ್ತದೆ, ಕೋಶಗಳು ಸ್ನಾಯುವಾಗಿ ತಿರುಗುತ್ತವೆ ಎಂದು 1980ರಲ್ಲಿ ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ತೋರಿಸಿದ್ದರು. 2004ರಲ್ಲಿ ಅಮೆರಿಕದಲ್ಲಿ ಅದೇ ಔಷಧಿಗೆ ಒಂದು ಬಗೆಯ ರಕ್ತದ ಕಾಯಿಲೆಗೆ ಅನುಮತಿ ಸಿಕ್ಕಿತು. ಅಕ್ಕ ಲ್ಯಾಬ್ ಸೇರಿದ ವರ್ಷವೇ.

ಅದೇ 2004ರಲ್ಲಿ ಇನ್ನೊಂದು ಪ್ರಕಟಣೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಐಎಆರ್‌ಸಿ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಹಾಕಿದ ಕವಳದ ಬಗ್ಗೆ 1985ರಲ್ಲೇ ಹೇಳಿಯಾಗಿತ್ತು. ಈ ಸಲ ಹೇಳಿದ್ದು ತಂಬಾಕಿಲ್ಲದ ಕವಳ ಮತ್ತು ಬರೀ ಅಡಿಕೆಯ ಬಗ್ಗೆ. ಅಕ್ಕ ಆ ವರ್ಷ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಮನೆಗೆ ಬಂದಳು, ನಮ್ಮ ಜೊತೆ ಕೂತು ಅಡಿಕೆ ಸುಲಿದಳು, ಆ ಮಾತು ಎತ್ತಲಿಲ್ಲ.

2007

ಅವಳ ಕೆಲಸ ಹೀಗಿತ್ತು. ಆಸ್ಪತ್ರೆಯಿಂದ ಬಾಯಿ ಕ್ಯಾನ್ಸರ್‌ನ ಮಾದರಿಗಳು ಬರುತ್ತಿದ್ದವು. ಒಂದನ್ನು ನನಗೂ ತೋರಿಸಿದ್ದಾಳೆ. ಮೇಣದ ಬಿಲ್ಲೆ, ಬೆಂಕಿಪೊಟ್ಟಣದ ಅರ್ಧ ಇರಬಹುದು. ಮಧ್ಯದಲ್ಲಿ ಅವರೆಕಾಳಿನಷ್ಟು ಬೂದುಬಣ್ಣದ ಮಾಂಸ. ಪಕ್ಕದಲ್ಲಿ ಒಂದು ನಂಬರ್, ಹೆಸರಿಲ್ಲ. ಕೈಯಲ್ಲಿ ಹಿಡಿದಾಗ ನನಗೆ ಅಜ್ಜನದ್ದೂ ಎಲ್ಲೋ ಹೀಗೇ ಒಂದು ಇರಬಹುದಲ್ಲ ಅನಿಸಿ ಕೈ ನಡುಗಿತು.

ಆ ಚೂರಿನಿಂದ ಡಿಎನ್‌ಎ ತೆಗೆದು ಸೋಡಿಯಂ ಬೈಸಲ್ಫೈಟ್‌ನಲ್ಲಿ ಇಡುತ್ತಾರೆ. ಮಿಥೈಲ್ ಇಲ್ಲದ ಸಿ ಅಕ್ಷರ ಅದರಲ್ಲಿ ಬದಲಾಗಿ, ಓದುವಾಗ ಟಿ ಆಗಿ ಕಾಣುತ್ತದೆ. ಮಿಥೈಲ್ ಇದ್ದ ಸಿ ಮಾತ್ರ ಸಿ ಆಗಿಯೇ ಉಳಿಯುತ್ತದೆ. 1992ರಲ್ಲಿ ಮರಿಯಾನ್ ಫ್ರಾಮರ್ ಮತ್ತು ಜೊತೆಯವರು ಕೊಟ್ಟ ವಿಧಾನ ಇದು. ಕಣ್ಣಿಗೆ ಕಾಣದ ಪೆನ್ಸಿಲ್ ಗುರುತು ಹೀಗೆ ಅಕ್ಷರವಾಗಿ ಓದಲು ಸಿಗುತ್ತದೆ.

2007ರ ಹೊತ್ತಿಗೆ ಅವಳ ಫಲಿತಾಂಶ ಬಹಳ ಚೆನ್ನಾಗಿತ್ತು. ಹೆಚ್ಚುಕಡಿಮೆ ಪ್ರತಿ ಗಡ್ಡೆಯಲ್ಲೂ ಪಿ16 ಮುಚ್ಚಿದೆ. ಗೈಡ್‌ಗೆ ಖುಷಿ, ಪೇಪರ್ ಬರೆದಾಗಿತ್ತು, ಒಂದು ಸಮ್ಮೇಳನಕ್ಕೆ ಸಾರಾಂಶವೂ ಹೋಗಿತ್ತು.

ಆ ವರ್ಷ ದೊಡ್ಡಹಬ್ಬಕ್ಕೆ ಬರುವಾಗ ಒಂದು ಕಟ್ಟು ಪ್ರಿಂಟ್ ತಂದಿದ್ದಳು. ಗೋಪೂಜೆ ಮುಗಿದ ಮಧ್ಯಾಹ್ನ ಜಗಲಿಯಲ್ಲಿ ಹರಡಿಕೊಂಡು ಕೂತಳು. ಹಾಳೆಯ ತುಂಬ ನಾಲ್ಕು ಬಣ್ಣದ ಏರಿಳಿತದ ಗೆರೆ. ಸಿಗೆ ನೀಲಿ, ಟಿಗೆ ಕೆಂಪು, ಎಗೆ ಹಸಿರು, ಜಿಗೆ ಕಪ್ಪು. ಸಿ ಮುಂದೆ ಜಿ ಇರುವ ಜಾಗಗಳನ್ನು ಎಲ್ಲರೂ ನೋಡುತ್ತಾರೆ, ಅಲ್ಲಿ ನೀಲಿ ಇದ್ದರೆ ಮಿಥೈಲ್ ಇದೆ ಅಂತ. ಅವಳು ಅವತ್ತು ನೋಡುತ್ತಿದ್ದದ್ದು ಉಳಿದ ಸಿಗಳನ್ನು. ಅಲ್ಲಿ ಮಿಥೈಲ್ ಇರುವುದಿಲ್ಲ. ಹಾಗಾಗಿ ಎಲ್ಲವೂ ಕೆಂಪಾಗಿರಬೇಕು. ಆಗಿರಲಿಲ್ಲ. ಕೆಂಪಿನ ಜೊತೆ ಜೊತೆಗೇ ನೀಲಿ ಎದ್ದಿತ್ತು. ಕೆಲವು ಹಾಳೆಯಲ್ಲಿ ನೀಲಿಯೇ ಎತ್ತರ.

ಅವಳು ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಾ ಹೋದಳು. ನಾನು ಚಾ ತಂದಿಟ್ಟೆ. ಅದು ಕೆನೆಗಟ್ಟಿ ತಣ್ಣಗಾಯಿತು. ಕತ್ತಲಾಗಿ ದೀಪ ಹಾಕಿದ ಮೇಲೆ ತಲೆ ಎತ್ತಿ, "ತಮಾ, ಇದು ಮಿಥೈಲ್ ಅಲ್ದೋ. ಬೈಸಲ್ಫೈಟ್ ಸರಿ ಕೆಲಸನೇ ಮಾಡಿದ್ದಿಲ್ಲೆ" ಅಂದಳು.

ಕಾರಣ ಆಮೇಲೆ ತಿಳಿಯಿತು. ಮೇಣದ ಬಿಲ್ಲೆಯೊಳಗಿನ ಮಾಂಸವನ್ನು ಮೊದಲು ಫಾರ್ಮಲಿನ್‌ನಲ್ಲಿ ಇಟ್ಟಿರುತ್ತಾರೆ. ಅದರಿಂದ ಪ್ರೋಟೀನು ಡಿಎನ್‌ಎಗೆ ಕಚ್ಚಿಕೊಂಡಿರುತ್ತದೆ. ಪ್ರೋಟೀನನ್ನು ಕರಗಿಸುವ ಕಿಣ್ವದಲ್ಲಿ ಸಾಕಷ್ಟು ಹೊತ್ತು ಇಡದಿದ್ದರೆ ಡಿಎನ್‌ಎಯ ಎರಡು ಎಳೆ ಪೂರ್ತಿ ಬೇರೆಯಾಗುವುದಿಲ್ಲ. ಬೈಸಲ್ಫೈಟ್ ಕೆಲಸ ಮಾಡುವುದು ಬೇರೆಯಾದ ಎಳೆಯ ಮೇಲೆ ಮಾತ್ರ. ಆ ಲ್ಯಾಬ್‌ನಲ್ಲಿ ಬೇಗ ಆಗಲಿ ಅಂತ ಆ ಹೊತ್ತನ್ನು ಕೆಲವೇ ಗಂಟೆಗೆ ಇಳಿಸಿದ್ದರು. ಬೈಸಲ್ಫೈಟ್ ದ್ರಾವಣವೂ ಹಳೆಯದು. ಬದಲಾಗದೆ ಉಳಿದ ಸಿಗಳೆಲ್ಲ ಮಿಥೈಲ್‌ನ ವೇಷ ಹಾಕಿಕೊಂಡು ನಿಂತಿದ್ದವು.

ಮಾಲಿಕ್ಯುಲರ್ ಬಯಾಲಜಿ ಓದುವವರಿಗೆ ಇದು ಇಡೀ ಪ್ರಕರಣದ ಮುಖ್ಯ ಪಾಠ ಅಂತ ಅಕ್ಕ ಹೇಳುತ್ತಾಳೆ. ಪರೀಕ್ಷೆ ಕೆಟ್ಟರೆ ಫಲಿತಾಂಶ ಖಾಲಿ ಬರುತ್ತದೆ ಅಂದುಕೊಂಡಿರುತ್ತೇವೆ. ಇಲ್ಲಿ ಪರೀಕ್ಷೆ ಕೆಟ್ಟಷ್ಟೂ ಫಲಿತಾಂಶ ಚೆನ್ನಾಗಿ ಕಾಣುತ್ತಿತ್ತು.

ಬೆಂಗಳೂರಿಗೆ ಹೋಗಿ ಗೈಡ್‌ಗೆ ಹೇಳಿದಳು. ಎಲ್ಲರ ಮಾದರಿಯಲ್ಲೂ ಸ್ವಲ್ಪ ಹೀಗೆ ಇರುತ್ತದೆ, ಒಳ್ಳೆಯ ಹಾಳೆಗಳನ್ನಷ್ಟೇ ಇಟ್ಟುಕೊಂಡು ಪೇಪರ್ ಕಳಿಸೋಣ ಅನ್ನುವ ಮಾತು ಬಂತು. ಯಾರು, ಎಲ್ಲಿ ಅನ್ನುವುದು ಇಲ್ಲಿ ಬೇಡ. ಅಕ್ಕ ಒಪ್ಪಲಿಲ್ಲ. ಸಾರಾಂಶವನ್ನು ವಾಪಸ್ ತೆಗೆದುಕೊಂಡಳು. ಲ್ಯಾಬ್‌ನಲ್ಲಿ ಎರಡು ತಿಂಗಳು ಅವಳ ಹತ್ತಿರ ಕೆಲವರು ಸರಿಯಾಗಿ ಮಾತಾಡಲಿಲ್ಲ.

ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಕಿಣ್ವದಲ್ಲಿ ಮೂರು ದಿನ. ಪ್ರತಿ ಸಲ ಹೊಸ ದ್ರಾವಣ. ಪ್ರತಿ ಸಲವೂ ಪಕ್ಕದಲ್ಲಿ ಎರಡು ಸಾಕ್ಷಿ: ಲ್ಯಾಬ್‌ನಲ್ಲೇ ಪೂರ್ತಿ ಮಿಥೈಲ್ ಹಾಕಿದ ಡಿಎನ್‌ಎ ಒಂದು, ಆರೋಗ್ಯವಂತರ ರಕ್ತದ್ದು ಇನ್ನೊಂದು. ಅವೆರಡೂ ಸರಿ ಬರದಿದ್ದರೆ ಆ ದಿನದ ಕೆಲಸ ಅಷ್ಟೂ ಕಸಕ್ಕೆ. ಅಷ್ಟರಲ್ಲಿ, 2008ರಲ್ಲಿ, ಶ್ರೀಲಂಕಾದಲ್ಲಿ ಕವಳ ಹಾಕುವವರ ಮೇಲೆ ಬೇರೆಯವರು ಮಾಡಿದ ಕೆಲಸ ಪ್ರಕಟವಾಯಿತು. ಕ್ಯಾನ್ಸರ್ ಆಗುವ ಮೊದಲಿನ ಹಂತದ ಗಾಯಗಳಲ್ಲೇ ಪಿ16ರ ಮಿಥೈಲ್ ಸಿಕ್ಕಿತ್ತು. ಅಕ್ಕನ ಪ್ರಶ್ನೆ, ಬೇರೆಯವರ ಪೇಪರ್. 2009ರಲ್ಲಿ ಇನ್ನೊಂದು. ಮಿಥೈಲ್ ಗುರುತನ್ನು ಬದಲಿಸುವ ಟೆಟ್ ಎಂಬ ಕಿಣ್ವದ ಕೆಲಸವನ್ನು ಅಂಜನಾ ರಾವ್ ಅವರ ಲ್ಯಾಬ್ ಕಂಡುಹಿಡಿಯಿತು. ಹಾಗೆ ಬದಲಾದ ಗುರುತೂ ಬೈಸಲ್ಫೈಟ್‌ನಲ್ಲಿ ನೀಲಿಯಾಗಿಯೇ ಕಾಣುತ್ತದೆ. ಥೀಸಿಸ್‌ನಲ್ಲಿ ಅದನ್ನೂ ಬರೆಯಬೇಕಾಯಿತು.

ಅಷ್ಟೆಲ್ಲ ಆದ ಮೇಲೆ ಉಳಿದದ್ದು ಸಣ್ಣ ಮಾತು. ಕೆಲವು ಗಡ್ಡೆಗಳಲ್ಲಿ ಪಿ16 ಮುಚ್ಚಿದೆ, ಕೆಲವದರಲ್ಲಿ ಇಲ್ಲ. ಕೆಲವರಲ್ಲಿ ಗಡ್ಡೆಯ ಪಕ್ಕದ, ನೋಡಲು ಚೆನ್ನಾಗಿರುವ ಚರ್ಮದಲ್ಲೂ ಮುಚ್ಚಿದೆ. ದೊಡ್ಡ ಪತ್ರಿಕೆಗೆ ಹೋಗಬೇಕಿದ್ದ ಪೇಪರ್ ಸಣ್ಣದರಲ್ಲಿ ಬಂತು.

ಐದು ವರ್ಷದ ಫೆಲೋಶಿಪ್ 2009ಕ್ಕೆ ಮುಗಿಯಿತು, ಥೀಸಿಸ್ ಮುಗಿದದ್ದು 2010ರಲ್ಲಿ. ನಡುವಿನ ತಿಂಗಳುಗಳಿಗೆ ದುಡ್ಡು ಕಳಿಸಿದ್ದು ನಾನು. ಆ ವರ್ಷದ ರಾಶಿ ಅಡಿಕೆ ಮಾರಿದ ದುಡ್ಡು. ಅಕ್ಕ ಇದನ್ನು ಬರೆ ಅಂದಳು, ಬರೆದಿದ್ದೇನೆ.

ಅಂಗಳ

ಆಮೇಲೆ ಮೂರು ವರ್ಷ ಅಮೆರಿಕ, ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸ. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದಳು. ಅಡಿಕೆಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಇದೊಂದು ವಿಷಯದಲ್ಲಿ ನನಗೆ ಅಕ್ಕನ ಮೇಲೆ ಸಿಟ್ಟಿದೆ. ಲ್ಯಾಬ್‌ನಲ್ಲಿ ಒಂದು ನೀಲಿ ಗೆರೆಗೆ ಅಷ್ಟು ಹೋರಾಡಿದವಳು ಮನೆಯಲ್ಲಿ 15 ವರ್ಷ ಸುಮ್ನಿದ್ದಳು. ಅಪ್ಪಯ್ಯನಿಗೆ ನೋವಾಗುತ್ತದೆ ಅಂತ. ನಾನೂ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿತ್ತು.

2019ರ ಮೇ. ದೊಡ್ಡಪ್ಪನ ಮೊಮ್ಮಗನ ಉಪನಯನ ಮುಗಿದು ಮರುದಿನ ಅಂಗಳದಲ್ಲಿ ಹತ್ತಿಪ್ಪತ್ತು ಜನ ಕೂತಿದ್ದೆವು. ಕವಳದ ಬಟ್ಟಲು ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಪಕ್ಕದ ಮನೆ ಭಾವ, ಅಡಿಕೆಯಿಂದ ಕ್ಯಾನ್ಸರ್ ಅನ್ನುವ ಪೇಪರಿನ ಸುದ್ದಿ ಎತ್ತಿ, "ಪೇಪರಿನವಕ್ಕೆ ಬೇರೆ ಕೆಲಸ ಇಲ್ಲೆ. ತಂಬಾಕಿಂದ ಅಲ್ದನೆ ಕೂಸೆ ಅದು? ಅಡಿಕೆ ಎಂತ ಮಾಡ್ತು?" ಅಂತ ಅಕ್ಕನನ್ನೇ ಕೇಳಿದರು. ಹೌದು ಅನ್ನು ಅಂತ ಎಲ್ಲರ ಮುಖದಲ್ಲೂ ಇತ್ತು. ನನ್ನ ಮುಖದಲ್ಲೂ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ತಂಬಾಕು ಸೇರಿದರೆ ಅಪಾಯ ಜಾಸ್ತಿ, ನಿಜ. ಆದರೆ ತೈವಾನ್‌ನಲ್ಲಿ ತಂಬಾಕು ಹಾಕದೆ ಅಡಿಕೆ ತಿನ್ನುತ್ತಾರೆ, ಅಲ್ಲೂ ಬಾಯಿ ಕ್ಯಾನ್ಸರ್ ಇದೆ. 2004ರ ತೀರ್ಮಾನಕ್ಕೆ ಅಂಥ ಊರುಗಳ ಲೆಕ್ಕವೂ ಆಧಾರ. ಬೇಯಿಸಿದರೆ ಹೋಗ್ತಿಲ್ಯಾ ಅಂತ ಒಬ್ಬರು ಕೇಳಿದರು. ಬೇಯಿಸಿದಾಗ ಅರೆಕೊಲೀನ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಮೊದಲ ಗುಂಪು ಅಂದರೆ ವಿಷ ಅಂತ ಅರ್ಥವಾ? ಅಲ್ಲ. ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷಿ ಗಟ್ಟಿಯಾಗಿದೆ ಅಂತ ಅರ್ಥ. ಯಾರಿಗೆ ಎಷ್ಟು ಅಪಾಯ ಅನ್ನುವುದು ಎಷ್ಟು ತಿಂದರು, ಎಷ್ಟು ವರ್ಷ ತಿಂದರು ಅನ್ನುವುದರ ಮೇಲೆ. ಅಮ್ಮಮ್ಮ ತೊಂಬತ್ತರವರೆಗೆ ಕವಳ ಹಾಕಿಕೊಂಡೇ ಇದ್ದಳಲ್ಲ ಅಂದರು ಭಾವ. "ಹೌದು ಭಾವ. ಆ ಪ್ರಶ್ನೆ ಹಿಡ್ಕಂಡೇ ಆನು ಬೆಂಗಳೂರಿಗೆ ಹೋಗಿದ್ದು" ಅಂದಳು.

ಆಗ ಅಪ್ಪಯ್ಯ ಕೇಳಿದ. ದನಿ ಏರಿಸಲಿಲ್ಲ. "ಹಂಗಾರೆ ತೋಟ ಎಂತ ಮಾಡವು?"

"ತೋಟ ಕಡಿ ಹೇಳಿ ಆನು ಹೇಳ್ತಾ ಇಲ್ಲೆ ಅಪ್ಪಯ್ಯ. ಗೊತ್ತಿದ್ದಿದ್ದು ಹೇಳದ್ದೆ ಇಪ್ಪಲೆ ಆಗ್ತಿಲ್ಲೆ."

ಭಾವ ಎದ್ದು ಹೋದರು. ಒಂದು ವರ್ಷ ನಮ್ಮನೆಗೆ ಬರಲಿಲ್ಲ. ಸಂಜೆ ಕೂತವರು ನಾಲ್ಕೇ ಜನ. ಅಕ್ಕ ಅವರಿಗೆ ಒಂದು ಕೆಲಸ ಹೇಳಿಕೊಟ್ಟಳು. ಬಾಯಿ ತೆರೆದು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ. ಹೋಗದಿದ್ದರೆ, ಖಾರಕ್ಕೆ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಕಲೆ ಇದ್ದರೆ, ಹುಣ್ಣು ಎರಡು ಮೂರು ವಾರದಲ್ಲಿ ಮಾಯದಿದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ನಾನು ಡಾಕ್ಟರಲ್ಲ, ಅವರಿಗೇ ತೋರಿಸಿ.

ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ ದೂರದಲ್ಲಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಮರ ಹತ್ತುವಾಗ ಅವನ ಬಾಯಲ್ಲಿ ಗುಟ್ಕಾ ಇರುತ್ತಿತ್ತು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ, ಆಮೇಲೆ ಪಾನ್ ಮಸಾಲ, ತಂಬಾಕು ಬೇರೆ ಬೇರೆ ಪೊಟ್ಟಣದಲ್ಲಿ ತಂದು ಬೆರೆಸಿಕೊಳ್ಳುತ್ತಿದ್ದ. ಅವನು ಸುಮ್ನೆ ಕೈ ಎತ್ತಿ ಬೆರಳಿಟ್ಟು ನೋಡಿದ. ಎರಡು ಹೋಯಿತು. ಮೂರನೆಯದು ಹೋಗಲಿಲ್ಲ. ನಮ್ಮ ಕಡೆ ನೋಡಿದ. ಮರುದಿನ ನಾನೇ ಅವನನ್ನು ಬೈಕಿನಲ್ಲಿ ಶಿರಸಿಗೆ ಕರೆದುಕೊಂಡು ಹೋದೆ, ಅಲ್ಲಿಂದ ಹುಬ್ಬಳ್ಳಿಗೆ. ಕ್ಯಾನ್ಸರ್ ಇರಲಿಲ್ಲ. ಅಜ್ಜನಿಗೆ ಮೊದಲು ಆದದ್ದೇ ಅವನಿಗೂ ಆಗಿತ್ತು. ಬಿಗಿದ ಕೆನ್ನೆ ಮೊದಲಿನಂತೆ ಆಗುವುದಿಲ್ಲ. ಪೊಟ್ಟಣ ಬಿಟ್ಟಿದ್ದಾನೆ, ಬಾಯಿಗೆ ವ್ಯಾಯಾಮ ಮಾಡುತ್ತಾನೆ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾನೆ.

2024ರಲ್ಲಿ ಅಕ್ಕ ಫೋನಿಗೆ ಒಂದು ಲೆಕ್ಕ ಕಳಿಸಿದಳು. 2022ರಲ್ಲಿ ಜಗತ್ತಿನಲ್ಲಿ ಬಂದ ಬಾಯಿ ಕ್ಯಾನ್ಸರ್‌ಗಳಲ್ಲಿ ಮೂರರಲ್ಲಿ ಒಂದು ಹೊಗೆಯಿಲ್ಲದ ತಂಬಾಕು ಅಥವಾ ಅಡಿಕೆಯಿಂದ ಬಂದದ್ದು ಅಂತ ಐಎಆರ್‌ಸಿ ಅಂದಾಜು. ಸುಮಾರು 1 ಲಕ್ಷ 20 ಸಾವಿರ ಜನ. ಅದರಲ್ಲಿ 83 ಸಾವಿರದಷ್ಟು ಭಾರತದವರೇ. ಅಪ್ಪಯ್ಯನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಕವಳ ಬಿಟ್ಟು ಆಗಲೇ ಮೂರು ವರ್ಷವಾಗಿತ್ತು.

ತೋಟ ಇದೆ. ಅಡಿಕೆ ಮಾರುತ್ತೇನೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮರಕ್ಕೆ ಕಾಳುಮೆಣಸಿನ ಬಳ್ಳಿ ಜಾಸ್ತಿ ಹಬ್ಬಿಸಿದ್ದೇನೆ. ಬೆಟ್ಟದಲ್ಲಿ 40 ಮುರುಗಲು (ಪುನರ್ಪುಳಿ, ಕೋಕಂ) ಗಿಡ ಹಾಕಿದ್ದೇವೆ. ಅದು ಅಕ್ಕನ ಆಸೆ. ಮುರುಗಲು ಹಣ್ಣಿನ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತು ಇದೆ. ಅದು ಎಪಿಜೆನೆಟಿಕ್ಸ್‌ನ ಇನ್ನೊಂದು ಬಗೆಯ ಗುರುತು ಹಾಕುವ ಪಿ300 ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲೇ ತೋರಿಸಿತ್ತು. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತೆಗೆದದ್ದು, ಅರಿಶಿನದ ಕರ್ಕ್ಯುಮಿನ್, ಇವೂ ಅದೇ ಕೆಲಸ ಮಾಡುತ್ತವೆ ಅಂತ ಅವರದೇ ಕೆಲಸ ಇದೆ. ಮುರುಗಲು, ಗೇರು, ಅರಿಶಿನ, ಮೂರೂ ನಮ್ಮ ಜಿಲ್ಲೆಯಲ್ಲಿ ಬೆಳೆಯುವಂಥವು. ಇದನ್ನು ಕೇಳಿದವರೊಬ್ಬರು ಮುರುಗಲು ಪಾನಕ ಕುಡಿದರೆ ಕ್ಯಾನ್ಸರ್ ಬರಲ್ಲ ಅಂತ ಹೇಳಿಕೊಂಡು ತಿರುಗಿದಾಗ ಅಕ್ಕ ಬೆಂಗಳೂರಿನಿಂದ ಫೋನ್ ಮಾಡಿ ನಿಲ್ಲಿಸಿದಳು. ಲ್ಯಾಬ್‌ನ ಕೋಶದಲ್ಲಿ ಕಂಡದ್ದು ಬೇರೆ, ಲೋಟದಲ್ಲಿ ಕುಡಿಯುವುದು ಬೇರೆ ಅಂತ.

ಬೀಜದಿಂದ ಎಬ್ಬಿಸಿದ ಮುರುಗಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು ಗಿಡ, ಕಾಯಿ ಬಿಡುವುದಿಲ್ಲ. ಹೂ ಬರುವವರೆಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅಪ್ಪಯ್ಯ ದಿನಾ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಒಂದೊಂದನ್ನೂ ನೋಡಿಕೊಂಡು ಬರುತ್ತಾನೆ. ಬಂದು ಅಕ್ಕನಿಗೆ ಫೋನ್ ಹಚ್ಚಿ ಕೊಡು ಅನ್ನುತ್ತಾನೆ.